ಕ್ಯಾಮೆರಾ ಕಾರ್ಡ್: ಹೊರದೇಶದ ಮಾಲನ್ನು ನಂಬುವ ಮುನ್ನ ತೂಗಿ ನೋಡಬೇಕಾದದ್ದು

ತುಮಕೂರಿನ ಕ್ಯಾಮೆರಾ ಅಂಗಡಿಗಳಲ್ಲಿ ಮೆಮೊರಿ ಕಾರ್ಡ್ ಕೈಗೆತ್ತಿಕೊಂಡವರು ಮೊದಲು ಕೇಳುವ ಪ್ರಶ್ನೆ, ‘ಇದು ಚೈನಾ ಮಾಲೇ?’ ಅಂಗಡಿಯವರ ಉತ್ತರ, ‘ಇಲ್ಲ ಸಾರ್, ಒರಿಜಿನಲ್.’ ಈ ಪ್ರಶ್ನೆಗೂ ಈ ಉತ್ತರಕ್ಕೂ ಸಂಬಂಧವೇ ಇಲ್ಲ. ಚೀನಾದಲ್ಲಿ ತಯಾರಾದ ಕಾರ್ಡ್ ಅಪ್ಪಟ ಅಸಲಿ ಆಗಿರಬಹುದು. ‘ಮೇಡ್ ಇನ್ ಜಪಾನ್’ ಎಂದು ಅಚ್ಚಾದದ್ದು ಶುದ್ಧ ನಕಲಿ ಆಗಿರಬಹುದು. ಅಚ್ಚು ಹಾಕುವ ಯಂತ್ರಕ್ಕೆ ಯಾವ ದೇಶದ ಹೆಸರಾದರೂ ಒಂದೇ.

ನಮ್ಮಲ್ಲಿ ಸಿಗುವ ಕಾರ್ಡ್‌ಗಳ ಒಳಗಿನ ಚಿಪ್ ಹೇಗಿದ್ದರೂ ಹೊರದೇಶದ್ದೇ. ನ್ಯಾಂಡ್ ಫ್ಲ್ಯಾಶ್ ಎಂಬ ಈ ಚಿಪ್ಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, 2019ರವರೆಗೆ ತೋಷಿಬಾ ಮೆಮೊರಿ ಎಂದು ಕರೆಸಿಕೊಳ್ಳುತ್ತಿದ್ದ ಜಪಾನಿನ ಕಿಯೋಕ್ಸಿಯಾ, ಅದರೊಡನೆ ಯೊಕ್ಕಾಯಿಚಿ ಮತ್ತು ಕಿಟಾಕಾಮಿಯ ಕಾರ್ಖಾನೆಗಳಲ್ಲಿ ಪಾಲುದಾರನಾಗಿರುವ ಅಮೆರಿಕದ ಸ್ಯಾನ್‌ಡಿಸ್ಕ್, ಅಮೆರಿಕದ್ದೇ ಆದ ಮೈಕ್ರಾನ್, ಚೀನಾದ ವುಹಾನಿನಲ್ಲಿರುವ ವೈಎಂಟಿಸಿ. ಮೈಕ್ರಾನ್ 2023ರಲ್ಲಿ ಗುಜರಾತಿನ ಸಾನಂದಕ್ಕೆ ಘೋಷಿಸಿದ ಘಟಕವೂ ಚಿಪ್ ಜೋಡಿಸಿ ಪರೀಕ್ಷಿಸುವುದಕ್ಕೇ ಹೊರತು ಚಿಪ್ಪನ್ನು ಮೂಲದಿಂದ ತಯಾರಿಸುವುದಕ್ಕಲ್ಲ. ಚಿಪ್ಪಿನ ಜೊತೆಗೆ, ಯಾವ ಫೋಟೊ ಎಲ್ಲಿ ಕೂರಬೇಕೆಂದು ನಿರ್ಧರಿಸುವ ಕಂಟ್ರೋಲರ್ ಎಂಬ ಪುಟ್ಟ ಮಿದುಳು ಬೇಕು. ಅದನ್ನು ತೈವಾನಿನ ಫೈಸನ್, ಸಿಲಿಕಾನ್ ಮೋಷನ್‌ನಂಥ ಕಂಪನಿಗಳು ಬೇರೆಯವರಿಗೂ ಮಾಡಿಕೊಡುತ್ತವೆ. ಹೀಗೆ ಒಂದು ದೇಶದ ಚಿಪ್ಪು, ಇನ್ನೊಂದರ ಕಂಟ್ರೋಲರ್, ಮತ್ತೊಂದರಲ್ಲಿ ಜೋಡಣೆ, ಮಗದೊಂದರ ಬ್ರ್ಯಾಂಡ್ ಹೆಸರು ಸೇರಿ ಅಂಚೆಚೀಟಿಯಷ್ಟು ಅಗಲದ ಒಂದು ತುಂಡಾಗುತ್ತದೆ. ಕಾರ್ಡಿನ ಹಿಂದೆ ನಾವು ಓದುವ ದೇಶದ ಹೆಸರು ಈ ಪ್ರಯಾಣದ ಕೊನೆಯ ನಿಲ್ದಾಣದ್ದು. ಸ್ಯಾನ್‌ಡಿಸ್ಕ್‌ನ ಎಷ್ಟೋ ಅಸಲಿ ಕಾರ್ಡ್‌ಗಳ ಮೇಲೆ ‘ಮೇಡ್ ಇನ್ ಚೈನಾ’ ಎಂದೇ ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ ಹಿಂದಿರುಗಿಸಿದವರನ್ನು ನಾನು ನೋಡಿದ್ದೇನೆ.

ಆದ್ದರಿಂದ ಹೋಲಿಸಬೇಕಾದದ್ದು ದೇಶಗಳನ್ನಲ್ಲ. ಕಾರ್ಡ್ ನಮ್ಮ ಕೈಗೆ ಬಂದ ದಾರಿಯನ್ನು, ಅದರ ಮೈಮೇಲಿನ ಗುರುತುಗಳನ್ನು, ಕಂಪ್ಯೂಟರಿಗೆ ಹಾಕಿದಾಗ ಅದು ಕೊಡುವ ಉತ್ತರವನ್ನು.

ನಾಲ್ಕು ದಾರಿಗಳು

ಮೊದಲನೆಯದು, ಹೆಸರಾಂತ ಬ್ರ್ಯಾಂಡ್, ಅಧಿಕೃತ ಮಾರಾಟಗಾರ, ಜಿಎಸ್‌ಟಿ ಬಿಲ್. ಸ್ಯಾನ್‌ಡಿಸ್ಕ್, ಸೋನಿ, ಸ್ಯಾಮ್‌ಸಂಗ್, ಕಿಂಗ್‌ಸ್ಟನ್, ಲೆಕ್ಸರ್, ಟ್ರಾನ್ಸೆಂಡ್ ಇವೆಲ್ಲ ಈ ದಾರಿಯಲ್ಲಿ ಸಿಗುತ್ತವೆ. ಬೆಲೆ ಹೆಚ್ಚು ಎಂಬುದೊಂದೇ ದೂರು. ದುಡಿಮೆಗೆ ಬಳಸುವವರು ಈ ದಾರಿಯನ್ನು ಬಿಟ್ಟು ಬೇರೆ ಕಡೆ ತಿರುಗಿ ನೋಡಬಾರದು ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳು ಮುಂದೆ ಬರುತ್ತವೆ.

ಎರಡನೆಯದು, ಅದೇ ಬ್ರ್ಯಾಂಡ್, ಆದರೆ ಬೆಲೆ ಎಲ್ಲ ಕಡೆ ಇರುವುದಕ್ಕಿಂತ ತೀರಾ ಕಡಿಮೆ. ಆನ್‌ಲೈನಿನಲ್ಲಿ ಹೆಸರೇ ಕೇಳದ ಮಾರಾಟಗಾರ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಯಾರೋ ಚೀಲದಲ್ಲಿ ತಂದು ಹಂಚುವ ಮಾಲು, ಬಿಲ್ ಕೇಳಿದರೆ ‘ಬಿಲ್ ಬೇಕಾದರೆ ರೇಟು ಬೇರೆ’ ಎನ್ನುವ ಕೌಂಟರ್. ಎಸ್‌ಪಿ ರಸ್ತೆಯನ್ನೇ ಬಯ್ಯುವುದು ಅನ್ಯಾಯ. ಅಲ್ಲಿ ದಶಕಗಳಿಂದ ನಿಯತ್ತಾಗಿ ವ್ಯಾಪಾರ ಮಾಡುವವರಿದ್ದಾರೆ, ತುಮಕೂರಿನ ಅಂಗಡಿಗಳೂ ಬಹಳಷ್ಟು ಸಾಮಾನನ್ನು ಅಲ್ಲಿಂದಲೇ ತರುತ್ತವೆ. ಆದರೆ ನಕಲಿ ಕಾರ್ಡ್ ಎಂದರೆ ಬಹುಪಾಲು ಈ ಎರಡನೆಯ ದಾರಿಯಲ್ಲಿ ಬರುವಂಥದ್ದೇ. ನಕಲು ಮಾಡುವವನಿಗೆ ಹೆಸರಿಲ್ಲದ ಬ್ರ್ಯಾಂಡ್ ಬೇಡ. ಹೆಚ್ಚು ಜನ ಕಣ್ಣುಮುಚ್ಚಿ ಕೊಳ್ಳುವ ಕೆಂಪು-ಕಪ್ಪು, ಚಿನ್ನದ ಬಣ್ಣದ ಲೇಬಲ್ಲೇ ಬೇಕು. ಹಾಗಾಗಿ ‘ಪ್ರಸಿದ್ಧ ಕಂಪನಿಯದ್ದು, ಅರ್ಧ ಬೆಲೆಗೆ ಸಿಕ್ಕಿತು’ ಎಂಬ ಮಾತು ನಂಬಿಕೆ ಹುಟ್ಟಿಸುವ ಬದಲು ಅನುಮಾನ ಹುಟ್ಟಿಸಬೇಕು.

ಮೂರನೆಯ ದಾರಿ ಸ್ವಲ್ಪ ಗೊಂದಲದ್ದು: ನಮ್ಮಲ್ಲಿ ಅಷ್ಟಾಗಿ ಪರಿಚಯವಿಲ್ಲದ, ಆದರೆ ಹೊರಗೆ ಒಳ್ಳೆಯ ಹೆಸರಿರುವ ಬ್ರ್ಯಾಂಡ್‌ಗಳು. ಅಮೆರಿಕದ ಡೆಲ್ಕಿನ್, ಆಸ್ಟ್ರಿಯಾದ ಏಂಜೆಲ್‌ಬರ್ಡ್, ಲೆಕ್ಸರ್‌ನಲ್ಲಿ ಹಿಂದೆ ಕೆಲಸ ಮಾಡಿದವರು ಕಟ್ಟಿ 2018ರಲ್ಲಿ ಮಾರುಕಟ್ಟೆಗೆ ತಂದ ಪ್ರೊಗ್ರೇಡ್. ಕಾರ್ಡ್‌ಗಳು ಗಟ್ಟಿಯಾದವು, ವೀಡಿಯೊ ಕೆಲಸದವರು ಮೆಚ್ಚುವಂಥವು. ತೊಡಕು ಎಂದರೆ ಕಾರ್ಡ್ ಕೈಕೊಟ್ಟ ದಿನ ಯಾರ ಬಾಗಿಲು ತಟ್ಟಬೇಕು ಎಂಬುದು. ಭಾರತದಲ್ಲಿ ಆಮದುದಾರ ಯಾರೆಂದು ಪ್ಯಾಕೆಟ್ಟಿನ ಮೇಲೆ ಇಲ್ಲದಿದ್ದರೆ ಕಾರ್ಡನ್ನು ಸಮುದ್ರದಾಚೆಗೆ ಕಳಿಸಿ ಕಾಯಬೇಕು. ದುಬೈಯಿಂದಲೋ ಸಿಂಗಪುರದಿಂದಲೋ ಬರುವ ನೆಂಟರ ಕೈಯಲ್ಲಿ ತರಿಸಿದ ಕಾರ್ಡಿಗೂ ಇದೇ ಪಾಡು. ಮಾಲು ಅಸಲಿ, ಬೆಲೆಯೂ ಕಡಿಮೆ, ಆದರೆ ವಾರಂಟಿ ಎಷ್ಟೋ ಸಲ ಮಾರಿದ ದೇಶಕ್ಕೆ ಮಾತ್ರ ಸೀಮಿತ. ಇದನ್ನು ತಿಳಿದೇ ಕೊಳ್ಳುವವರಿಗೆ ನನ್ನ ತಕರಾರಿಲ್ಲ.

ಇದೇ ಜಾಗದಲ್ಲಿ ಲೆಕ್ಸರ್ ಬಗ್ಗೆ ಒಂದು ಮಾತು. ಫಿಲ್ಮ್ ಕಾಲದಿಂದ ಡಿಜಿಟಲ್‌ಗೆ ಬಂದ ಹಿರಿಯ ಛಾಯಾಗ್ರಾಹಕರು ಈಗಲೂ ಅದನ್ನು ‘ಅಮೆರಿಕದ ಕಾರ್ಡ್’ ಎಂದೇ ಹೇಳುತ್ತಾರೆ. ಮೈಕ್ರಾನ್ ಕೈಯಲ್ಲಿದ್ದ ಆ ಬ್ರ್ಯಾಂಡ್ 2017ರಲ್ಲಿ ಚೀನಾದ ಲಾಂಗ್‌ಸಿಸ್ ಪಾಲಾಯಿತು. ಅಂದಿನಿಂದ ಅದು ಚೀನಾದ ಒಡೆತನದ್ದು. ಹಾಗೆಂದು ಕಾರ್ಡ್ ಕೆಟ್ಟುಹೋಯಿತೇ? ವೃತ್ತಿಪರರಿಗೆಂದು ಅದು ಮಾಡುವ ವೇಗದ ಕಾರ್ಡ್‌ಗಳನ್ನು ನಮ್ಮ ಜಿಲ್ಲೆಯ ಮದುವೆಗಳಲ್ಲಿ ನೆಮ್ಮದಿಯಾಗಿ ಬಳಸುವವರಿದ್ದಾರೆ. ಒಡೆತನ ಯಾವ ದೇಶದ್ದು ಎಂಬುದರ ಮೇಲೆ ಕಾರ್ಡನ್ನು ಅಳೆದರೆ ಎಡವುತ್ತೇವೆ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಾಲ್ಕನೆಯದರ ಬಗ್ಗೆ ಹೆಚ್ಚು ಬರೆಯುವುದೂ ದಂಡ. ಕೆಲವೇ ನೂರು ರೂಪಾಯಿಗೆ 1 ಟಿಬಿ, 2 ಟಿಬಿ ಎಂದು ಮೊಬೈಲಿನ ಜಾಹೀರಾತಿನಲ್ಲಿ ಹಾದುಹೋಗುವ ಕಾರ್ಡ್‌ಗಳು. ಅವು ಕಾರ್ಡ್‌ಗಳೇ ಅಲ್ಲ.

ನಕಲಿ ಕಾರ್ಡ್ ಒಳಗೆ ನಡೆಯುವುದೇನು

ನಕಲಿಯಲ್ಲಿ ಎರಡು ಬಗೆ. ಒಂದು, ವೇಗದ ಮೋಸ. ಸಾಧಾರಣ ದರ್ಜೆಯ ಕಾರ್ಡಿಗೆ ಮೇಲ್ದರ್ಜೆಯ ಲೇಬಲ್ ಹಚ್ಚಿರುತ್ತಾರೆ. ಹೇಳಿದಷ್ಟು ಜಾಗ ಇರುತ್ತದೆ, ವೇಗ ಮಾತ್ರ ಇರುವುದಿಲ್ಲ. 4ಕೆ ವೀಡಿಯೊ ನಡುವೆ ಕ್ಯಾಮೆರಾ ತಾನಾಗಿ ನಿಂತುಹೋದಾಗ ಇದು ಗೊತ್ತಾಗುತ್ತದೆ. ಹಾಳಾದದ್ದು ಆ ತುಣುಕು ಮಾತ್ರ.

ಇನ್ನೊಂದು, ಜಾಗದ ಮೋಸ. ಇದು ಮನೆ ಹಾಳು ಮಾಡುವಂಥದ್ದು. ಒಳಗಿರುವ ಚಿಪ್ 16 ಜಿಬಿಯದ್ದು. ಕಂಟ್ರೋಲರಿನ ತಂತ್ರಾಂಶವನ್ನು ತಿದ್ದಿ ‘ನನ್ನಲ್ಲಿ 128 ಜಿಬಿ ಇದೆ’ ಎಂದು ಸುಳ್ಳು ಹೇಳಿಸಿರುತ್ತಾರೆ. ಕ್ಯಾಮೆರಾ ಕೇಳಿದಾಗ ಅದು 128 ಎನ್ನುತ್ತದೆ, ಕಂಪ್ಯೂಟರ್ ಕೇಳಿದರೂ 128 ಎನ್ನುತ್ತದೆ. ಮೊದಲ 16 ಜಿಬಿ ತುಂಬುವವರೆಗೆ ಎಲ್ಲವೂ ಸರಿ. ಆಮೇಲೆ ಬಂದದ್ದನ್ನು ಕೆಲವು ಕಾರ್ಡ್‌ಗಳು ಹಾಗೆಯೇ ಗಾಳಿಗೆ ತೂರುತ್ತವೆ. ಇನ್ನು ಕೆಲವು ಮೊದಲಿನಿಂದ ಬರೆಯತೊಡಗಿ ಹಳೆಯದನ್ನು ಅಳಿಸುತ್ತವೆ. ಕಡತಗಳ ಹೆಸರು, ಅಳತೆಗಳ ಪಟ್ಟಿ ಕಾರ್ಡಿನ ಆರಂಭದ ಭಾಗದಲ್ಲಿ ಇರುವುದರಿಂದ ಆ ಪಟ್ಟಿ ಮಾತ್ರ ಸುರಕ್ಷಿತವಾಗಿ ಉಳಿಯುವುದುಂಟು. ಹೀಗಾಗಿ ಕಂಪ್ಯೂಟರಿನಲ್ಲಿ ಎಲ್ಲ ಫೋಟೊಗಳ ಹೆಸರೂ ಕಾಣುತ್ತದೆ, ಒಂದೊಂದೂ ಇಷ್ಟಿಷ್ಟು ಎಂಬಿ ಎಂದೂ ಕಾಣುತ್ತದೆ, ತೆರೆದರೆ ಅರ್ಧ ಬೂದು ಬಣ್ಣ, ಇಲ್ಲವೇ ಏನೂ ಇಲ್ಲ.

ನಮ್ಮ ಕಡೆಯ ಮದುವೆಗೆ ಇದನ್ನು ಹೊಂದಿಸಿ ನೋಡಿ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಆರತಕ್ಷತೆಯಲ್ಲಿ ಸಾಲಾಗಿ ವೇದಿಕೆ ಹತ್ತಿದ ನೆಂಟರ ಫೋಟೊಗಳೆಲ್ಲ ಮೊದಲ 16 ಜಿಬಿಯೊಳಗೆ ಅಚ್ಚುಕಟ್ಟಾಗಿ ಕೂರುತ್ತವೆ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದೆರಡು ತೆರೆದು ನೋಡಿದರೆ ಎಲ್ಲ ಚೆನ್ನಾಗಿರುತ್ತದೆ. ಬೆಳಗಿನ ಧಾರೆ, ಮಾಂಗಲ್ಯಧಾರಣೆ ಹೋಗಿ ಬೀಳುವುದು ಇಲ್ಲದ ಜಾಗದಲ್ಲಿ. ಚಿತ್ರ ಮರಳಿ ಪಡೆಯುವ ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ಅಳಿಸಿಹೋದದ್ದನ್ನು ಎಷ್ಟೋ ಸಲ ಹುಡುಕಿ ಕೊಡುತ್ತವೆ. ಆದರೆ ಎಂದೂ ಬರೆಯಲ್ಪಡದೇ ಹೋದದ್ದನ್ನು ಯಾವ ತಂತ್ರಾಂಶವೂ ಹುಡುಕಲಾರದು. ಡೇಟಾ ರಿಕವರಿ ಅಂಗಡಿಗೆ ಸಾವಿರಗಟ್ಟಲೆ ಸುರಿಯುವ ಮುನ್ನ, ಕಾರ್ಡ್ ಕೆಟ್ಟದ್ದೇ ಅಥವಾ ನಕಲಿಯೇ ಎಂದು ವಿಚಾರಿಸಿಕೊಳ್ಳಿ. ನಕಲಿಯಾದರೆ ಆ ಖರ್ಚು ವ್ಯರ್ಥ.

ತಿಪಟೂರಿನ ವರ್ತಕ ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದೆಯೇ ಇಲ್ಲವೇ ಎಂದು ಹೇಳಬಲ್ಲ. ಕಾರ್ಡಿನಲ್ಲಿ ಅಂಥ ಕಿವಿ ಕೆಲಸಕ್ಕೆ ಬಾರದು. ಆದರೂ ಮೈಮೇಲಿನ ಗುರುತುಗಳೇ ಕೆಲವು ಸುಳ್ಳುಗಳನ್ನು ಹೊರಗೆಡಹುತ್ತವೆ.

ಲೇಬಲ್ ಓದುವುದು

ಎಸ್‌ಡಿ ಎಂಬ, ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕಾರ್ಡ್ ಮಾದರಿಯನ್ನು 1999ರಲ್ಲಿ ರೂಪಿಸಿದ್ದು ಸ್ಯಾನ್‌ಡಿಸ್ಕ್, ತೋಷಿಬಾ ಮತ್ತು ಪ್ಯಾನಸೋನಿಕ್ ಬ್ರ್ಯಾಂಡಿನ ಒಡೆಯನಾಗಿದ್ದ ಮತ್ಸುಶಿತಾ. ಮರುವರ್ಷ ಹುಟ್ಟಿದ ಎಸ್‌ಡಿ ಅಸೋಸಿಯೇಷನ್ ಯಾವ ಗುರುತು ಎಲ್ಲಿ ಇರಬೇಕು ಎಂಬ ನಿಯಮಗಳನ್ನು ಇಟ್ಟಿದೆ. ನಕಲಿಗರು ಈ ನಿಯಮಗಳನ್ನು ಓದುವ ಗೋಜಿಗೆ ಹೋಗುವುದಿಲ್ಲ. ಅದೇ ನಮ್ಮ ಅದೃಷ್ಟ.

ಎಸ್‌ಡಿಎಚ್‌ಸಿ ಎಂಬ ಗುರುತು 32 ಜಿಬಿಗೆ ಮುಗಿಯಿತು. ಅದರ ಮೇಲೆ 2 ಟಿಬಿವರೆಗೆ ಎಸ್‌ಡಿಎಕ್ಸ್‌ಸಿ. ಹೀಗಿರುವಾಗ 64 ಜಿಬಿ ಕಾರ್ಡಿನ ಮೇಲೆ ಎಸ್‌ಡಿಎಚ್‌ಸಿ ಎಂದು ಕಂಡರೆ ಅಲ್ಲೇ ಕೆಳಗಿಡಬಹುದು.

ಇನ್ನೊಂದು ಗುರುತು ಇದಕ್ಕಿಂತ ಸೊಗಸಾದದ್ದು. ಕಾರ್ಡಿನ ಮುಂಭಾಗದಲ್ಲಿ ರೋಮನ್ ಅಂಕಿಯಲ್ಲಿ ಒಂದು ಅಥವಾ ಎರಡು ಎಂದು ಪುಟ್ಟದಾಗಿ ಇರುತ್ತದೆ. ಒಂದು ಎಂದರೆ ಯುಎಚ್‌ಎಸ್-1, ಅದರ ದಾರಿಯ ಗರಿಷ್ಠ ವೇಗ ಸೆಕೆಂಡಿಗೆ 104 ಎಂಬಿ. ಎರಡು ಎಂದರೆ ಯುಎಚ್‌ಎಸ್-2, ಗರಿಷ್ಠ 312 ಎಂಬಿ. ಈ ಎರಡನೆಯದಕ್ಕೆ ಹೆಚ್ಚಿನ ಸಂಪರ್ಕ ಬಿಂದುಗಳು ಬೇಕು, ಆದ್ದರಿಂದ ಕಾರ್ಡನ್ನು ಮಗುಚಿದರೆ ಚಿನ್ನದ ಬಣ್ಣದ ಪಟ್ಟಿಗಳು ಎರಡು ಸಾಲು ಇರಬೇಕು. ಮುಂದೆ ಎರಡು ಎಂದು ಬರೆದು ಹಿಂದೆ ಒಂದೇ ಸಾಲು ಇದ್ದರೆ ಆ ಲೇಬಲ್ ಸುಳ್ಳು. ವಿ60, ವಿ90 ಎಂಬ ಗುರುತುಗಳೂ ಅಷ್ಟೇ, ಎರಡು ಸಾಲಿನ ಕಾರ್ಡ್‌ಗಳಿಗೆ ಮಾತ್ರ ಸಲ್ಲುತ್ತವೆ. ಅಂಗಡಿಯ ಬೆಳಕಿನಲ್ಲಿ ಹತ್ತು ಸೆಕೆಂಡಿನಲ್ಲಿ ಮಾಡಬಹುದಾದ ಪರೀಕ್ಷೆ ಇದು.

ದೊಡ್ಡ ಅಕ್ಷರದಲ್ಲಿ ಕಾಣುವ ಸಂಖ್ಯೆಯ ವಿಷಯದಲ್ಲಿ ಮಾತ್ರ ಅಸಲಿ ಕಂಪನಿಗಳೂ ಪೂರಾ ಸಜ್ಜನರಲ್ಲ. 200 ಎಂಬಿ ಎಂದು ಬರೆದದ್ದು ಓದುವ ವೇಗ, ಅಂದರೆ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವ ವೇಗ. ಅದೂ ಕಂಪನಿ ಹೇಳುವ ಕಾರ್ಡ್ ರೀಡರ್ ಬಳಸಿದರೆ ಮಾತ್ರ. ಯುಎಚ್‌ಎಸ್-1ರ ಮಿತಿ 104 ಇರುವಾಗ 200 ಹೇಗೆ ಎಂದು ಕೇಳಿದರೆ, ನಿಯಮದ ಹೊರಗಿನ ತಮ್ಮದೇ ತಂತ್ರದಿಂದ ಎನ್ನುತ್ತಾರೆ. ಸ್ಯಾನ್‌ಡಿಸ್ಕ್‌ನ ಎಕ್ಸ್‌ಟ್ರೀಮ್ ಪ್ರೊ 64 ಜಿಬಿ ಕಾರ್ಡಿನಲ್ಲಿ 200 ಎಂದು ಮುಂದೆ ಇದ್ದರೆ, ಬರೆಯುವ ವೇಗ 90ರವರೆಗೆ ಎಂದು ವಿವರದಲ್ಲಿ ಸಣ್ಣಗೆ ಇರುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದು ಬರೆಯುವ ವೇಗ. ಅದಕ್ಕೆ ಭರವಸೆ ಕೊಡುವುದು ‘ವಿ’ ಮುಂದಿನ ಅಂಕಿ: ವಿ30 ಎಂದರೆ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ, ವಿ60 ಎಂದರೆ 60, ವಿ90 ಎಂದರೆ 90. ಎ1, ಎ2 ಎಂಬ ಗುರುತುಗಳು ಮೊಬೈಲ್ ಆ್ಯಪ್‌ಗಳಿಗೆ ಸಂಬಂಧಿಸಿದವು. ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಪ್ಯಾಕೆಟ್ಟಿನ ಮೇಲೆ ಇನ್ನೊಂದು ಚೀಟಿ ಇರಬೇಕು. 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳ ಪ್ರಕಾರ, ಹೊರದೇಶದಿಂದ ಬಂದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ವಿವರ ಇರಲೇಬೇಕು. ಬಣ್ಣ, ಮುದ್ರಣ, ಹೊಳಪು ಇವನ್ನು ನೋಡಿ ನಕಲಿ ಕಂಡುಹಿಡಿಯುವ ವಿದ್ಯೆಯನ್ನು ನಾನು ನಂಬುವುದಿಲ್ಲ. ಇಂದಿನ ನಕಲಿ ಮುದ್ರಣ ಅಸಲಿಯಷ್ಟೇ ಚೆನ್ನಾಗಿರುತ್ತದೆ. ಆದರೆ ಆಮದುದಾರರ ಚೀಟಿಯೇ ಇಲ್ಲದ ಪ್ಯಾಕೆಟ್, ಕಾರ್ಡ್ ಅಸಲಿಯೇ ಇದ್ದರೂ, ಹಿಂಬಾಗಿಲಿನಿಂದ ಬಂದದ್ದು. ತೊಂದರೆಯಾದರೆ ಅದರ ಹಿಂದೆ ನಿಲ್ಲುವವರು ಯಾರೂ ಇರುವುದಿಲ್ಲ.

ಕಂಪ್ಯೂಟರಿನ ಬಾಯಿ ಬಿಡಿಸುವುದು

ಮೇಲಿನದೆಲ್ಲ ಅನುಮಾನಕ್ಕೆ ಆಧಾರ ಮಾತ್ರ. ತೀರ್ಪು ಸಿಗುವುದು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದು ಹಾಗೆಯೇ ಇದೆಯೇ ಎಂದು ಮರಳಿ ಓದಿಸಿದಾಗ. ಇದಕ್ಕೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಹಳೆಯ, ಉಚಿತ, ಜರ್ಮನ್ ಮೂಲದ ತಂತ್ರಾಂಶ ಇದೆ. ತೆರೆದ ಕೂಡಲೇ ಜರ್ಮನ್ ಭಾಷೆ ಕಂಡು ಹೆದರಬೇಡಿ, ಇಂಗ್ಲಿಷಿಗೆ ಬದಲಿಸುವ ಗುಂಡಿ ಅಲ್ಲೇ ಇದೆ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಎಫ್3. ಎರಡೂ ಮಾಡುವುದು ಒಂದೇ ಕೆಲಸ: ಕಾರ್ಡಿನ ತುದಿಯವರೆಗೆ ಗೊತ್ತಿರುವ ಅಂಕಿಗಳನ್ನು ತುಂಬಿ, ಮತ್ತೆ ಓದಿ, ಹೋಲಿಸಿ ನೋಡುತ್ತವೆ. ನಕಲಿಯಾದರೆ ಎಷ್ಟು ಜಿಬಿ ನಿಜ, ಎಷ್ಟು ಜಿಬಿ ಕಳೆದುಹೋಯಿತು ಎಂದು ಪರದೆಯ ಮೇಲೆ ಬರುತ್ತದೆ. ಕಾರ್ಡಿನಲ್ಲಿ ಏನಾದರೂ ಇದ್ದರೆ ಮೊದಲು ಬೇರೆ ಕಡೆ ಇಳಿಸಿಕೊಳ್ಳಿ. ಖಾಲಿ ಕಾರ್ಡಿನ ಮೇಲೆಯೇ ಪರೀಕ್ಷೆ ನಡೆಯಬೇಕು.

ಸಮಯ ಹಿಡಿಯುತ್ತದೆ. ಸೆಕೆಂಡಿಗೆ 80 ಎಂಬಿ ಬರೆಯುವ 128 ಜಿಬಿ ಕಾರ್ಡ್ ತುಂಬಲು ಸುಮಾರು 27 ನಿಮಿಷ, ಮತ್ತೆ ಓದಲು ಇನ್ನಷ್ಟು. ಲ್ಯಾಪ್‌ಟಾಪಿನ ಹಳೆಯ ಯುಎಸ್‌ಬಿ 2 ಕಿಂಡಿಗೆ ಹಾಕಿದರೆ ಬರೆಯುವುದಕ್ಕೇ ಒಂದು ಗಂಟೆ ದಾಟುತ್ತದೆ, ವೇಗದ ಅಂಕಿಯೂ ಸುಳ್ಳಾಗುತ್ತದೆ. ಆದ್ದರಿಂದ ಯುಎಸ್‌ಬಿ 3 ರೀಡರ್ ಬಳಸಿ. ಪರೀಕ್ಷೆಯ ಕೊನೆಯಲ್ಲಿ ಬರುವ ಬರೆಯುವ ವೇಗವನ್ನು ಲೇಬಲ್ಲಿನ ‘ವಿ’ ಅಂಕಿಯೊಡನೆ ಹೋಲಿಸಿದರೆ ವೇಗದ ಮೋಸವೂ ಸಿಕ್ಕಿಬೀಳುತ್ತದೆ. ವಿ30 ಎಂದು ಹೇಳಿಕೊಂಡ ಕಾರ್ಡ್ 15 ಎಂಬಿಯಲ್ಲಿ ತೆವಳುತ್ತಿದ್ದರೆ, ಬೇರೆ ರೀಡರಿನಲ್ಲಿ ಒಮ್ಮೆ ನೋಡಿ, ಆಗಲೂ ಅಷ್ಟೇ ಎಂದರೆ ಹಿಂದಿರುಗಿಸಿ.

64 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ 59.6 ಎಂದೂ 128 ಜಿಬಿಯದ್ದು 119ರ ಆಸುಪಾಸು ಎಂದೂ ಕಾಣುವುದು ಮೋಸವಲ್ಲ. ಕಾರ್ಡ್ ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ‘ನಾಲ್ಕೂವರೆ ಜಿಬಿ ನುಂಗಿದ್ದಾರೆ’ ಎಂದು ಅಂಗಡಿಗೆ ಜಗಳಕ್ಕೆ ಹೋದವರ ಕಥೆ ಆಗಾಗ ಕಿವಿಗೆ ಬೀಳುವುದರಿಂದ ಇದನ್ನು ಬರೆದೆ.

ಪರೀಕ್ಷೆಯನ್ನು ಕಾರ್ಡ್ ಬಂದ ದಿನವೇ ಮಾಡಿ. ಆನ್‌ಲೈನಿನಲ್ಲಿ ಹಿಂದಿರುಗಿಸುವ ಅವಧಿ ಕೆಲವೇ ದಿನ. ಮುಂದಿನ ತಿಂಗಳ ಲಗ್ನಕ್ಕೆಂದು ಕೊಂಡು ಬೀರುವಿನಲ್ಲಿಟ್ಟರೆ ಅವಧಿ ಮುಗಿದಿರುತ್ತದೆ. ಪ್ಯಾಕೆಟ್ ಒಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಪರೀಕ್ಷೆಯ ಫಲಿತಾಂಶದ ಪರದೆಯ ಚಿತ್ರವನ್ನು ಇಟ್ಟುಕೊಳ್ಳಿ. ಪಾಸಾದ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಬಳಸಲು ತೊಡಗಿ.

ಯಾರಿಗೆ ಯಾವುದು

ಮದುವೆ, ನಾಮಕರಣ, ಗೃಹಪ್ರವೇಶ ಮಾಡುವವರಿಗೆ ಮೊದಲ ದಾರಿ ಬಿಟ್ಟು ಬೇರೆ ಇಲ್ಲ ಎಂದೆ. ಕಾರ್ಡಿನ ಬೆಲೆಯನ್ನು ಇನ್ನೊಂದು ಕಾರ್ಡಿನ ಬೆಲೆಯೊಡನೆ ಹೋಲಿಸುವುದು ಅವರಿಗೆ ಸರಿಯಾದ ಲೆಕ್ಕವಲ್ಲ. ಒಂದು ಲಗ್ನಕ್ಕೆ ಪಡೆಯುವ ಮುಂಗಡದೊಡನೆ ಹೋಲಿಸಬೇಕು. ಅವರು ಒಂದು 256 ಜಿಬಿ ಕೊಳ್ಳುವ ಬದಲು 64ರ ನಾಲ್ಕು ಕೊಳ್ಳಲಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದ 4ಕೆ ವೀಡಿಯೊ 64 ಜಿಬಿಯಲ್ಲಿ ಸುಮಾರು 85 ನಿಮಿಷ ಹಿಡಿಯುತ್ತದೆ; ಆರತಕ್ಷತೆಗೊಂದು, ಮುಹೂರ್ತಕ್ಕೊಂದು ಎಂದು ಬೇರೆ ಬೇರೆ ಇಟ್ಟರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ‘ಕಾರ್ಡ್ ಬದಲಿಸುವಾಗಲೇ ಕಳೆದುಹೋಗುತ್ತದೆ, ಒಂದೇ ದೊಡ್ಡದು ಇರಲಿ’ ಎಂದು ವಾದಿಸುವವರಿದ್ದಾರೆ. ಛತ್ರದ ಗದ್ದಲದಲ್ಲಿ ಆ ವಾದಕ್ಕೂ ಅರ್ಥವಿದೆ, ಆದರೆ ಅದಕ್ಕೆ ಪರಿಹಾರ ಜೇಬಿಗೆ ಗುಂಡಿ ಇರುವ ಅಂಗಿ.

ಎರಡು ಕಾರ್ಡ್ ಕಿಂಡಿ ಇರುವ ಕ್ಯಾಮೆರಾ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಯುವಂತೆ ಹೊಂದಿಸಿ, ಎರಡೂ ಬೇರೆ ಬೇರೆ ಬ್ರ್ಯಾಂಡಿನದು ಇರಲಿ. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಜೋಡಿ ಕಾರ್ಡ್‌ಗಳಲ್ಲಿ ದೋಷ ಇದ್ದರೆ ಎರಡರಲ್ಲೂ ಇರುವ ಸಂಭವ ಹೆಚ್ಚು. ಸೋನಿ ಎ7-3 ಬಳಸುವವರು ಗಮನಿಸಬೇಕಾದದ್ದೊಂದಿದೆ: ಅದರ ಮೊದಲ ಕಿಂಡಿ ಮಾತ್ರ ಯುಎಚ್‌ಎಸ್-2, ಎರಡನೆಯದು ಯುಎಚ್‌ಎಸ್-1. ಎರಡಕ್ಕೂ ಒಟ್ಟಿಗೆ ಬರೆಯುವಾಗ ನಿಧಾನದ್ದರ ವೇಗಕ್ಕೇ ಕ್ಯಾಮೆರಾ ಕಾಯುತ್ತದೆ. ಕ್ಯಾನನ್ ಆರ್6ರಲ್ಲಿ ಎರಡೂ ಯುಎಚ್‌ಎಸ್-2.

ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಯ ಚಿತ್ರ ಹಿಡಿಯಲು ಹೋಗುವವರ, ಮೈದನಹಳ್ಳಿಯ ಜಯಮಂಗಲಿ ಮೀಸಲಿನಲ್ಲಿ ಕೃಷ್ಣಮೃಗದ ನೆಗೆತಕ್ಕೆ ಕಾಯುವವರ ಲೆಕ್ಕ ಬೇರೆ. ಅವರಿಗೆ ಮತ್ತೊಮ್ಮೆ ಹೋಗುವ ಅವಕಾಶ ಇದೆ, ಆದರೆ ವೇಗ ಬೇಕು. 25 ಎಂಬಿಯ ರಾ ಚಿತ್ರಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಇಡುವ ಮೂಲ ಚಿತ್ರಗಳನ್ನು) ಸೆಕೆಂಡಿಗೆ 10ರಂತೆ ಹೊಡೆದರೆ ಸೆಕೆಂಡಿಗೆ 250 ಎಂಬಿ ಹೊರಬರುತ್ತದೆ. ಯುಎಚ್‌ಎಸ್-1 ಕಾರ್ಡ್ ಅದರ ಮೂರನೇ ಒಂದು ಭಾಗವನ್ನೂ ಕಷ್ಟಪಟ್ಟು ನುಂಗುತ್ತದೆ. ಕಾರ್ಡಿಗೆ ಹೋಗುವ ಮುನ್ನ ಚಿತ್ರಗಳು ತಂಗುವ ಕ್ಯಾಮೆರಾದ ಬಫರ್ ತುಂಬಿ, ಮೃಗ ನೆಗೆಯುವ ಹೊತ್ತಿಗೆ ಶಟರ್ ಕೈಕೊಡುತ್ತದೆ. ಇಲ್ಲಿ ಯುಎಚ್‌ಎಸ್-2ಕ್ಕೆ ಕೊಟ್ಟ ದುಡ್ಡು ಸಾರ್ಥಕ, ಆದರೆ ಕ್ಯಾಮೆರಾದ ಕಿಂಡಿ ಅದಕ್ಕೆ ಒದಗುವಂತಿದ್ದರೆ ಮಾತ್ರ. ಕ್ಯಾನನ್ 200ಡಿಯಂಥ ಯುಎಚ್‌ಎಸ್-1 ಕ್ಯಾಮೆರಾಕ್ಕೆ ಹಾಕಿದರೆ ಅದೂ ಹಳೆಯ ದಾರಿಯಲ್ಲೇ ನಡೆಯುತ್ತದೆ, ದುಡ್ಡು ಹೋಯಿತು ಅಷ್ಟೇ. ನಿಕಾನ್ ಝಡ್6-2ರಂಥವುಗಳ ಸಿಎಫ್‌ಎಕ್ಸ್‌ಪ್ರೆಸ್ ಎಂಬ ಇನ್ನೂ ವೇಗದ ಕಾರ್ಡಿನ ಕಿಂಡಿ ಇರುವವರಿಗೆ ಈ ಚಿಂತೆಯೇ ಇಲ್ಲ. ಅವರ ಚಿಂತೆ ಕಾರ್ಡಿನ ಬೆಲೆ ಮಾತ್ರ. ಮೂರನೆಯ ದಾರಿಯ ಬ್ರ್ಯಾಂಡ್‌ಗಳನ್ನು ಯಾರಾದರೂ ಪ್ರಯೋಗಿಸುವುದಾದರೆ ಈ ಹವ್ಯಾಸಿಗಳೇ ಸರಿ.

ಕಲಿಯುವ ಹುಡುಗರಿಗೆ ಅಧಿಕೃತ ಅಂಗಡಿಯ 64 ಜಿಬಿ ವಿ30 ಸಾಕು, ಬೇರೇನೂ ಬೇಡ. ಮೈಕ್ರೊ ಎಸ್‌ಡಿಯನ್ನು ಅಡಾಪ್ಟರಿಗೆ ತೂರಿಸಿ ಕ್ಯಾಮೆರಾಕ್ಕೆ ಹಾಕುವ ಚಾಳಿಯನ್ನು ಮಾತ್ರ ಬಿಡಲಿ. ಅದು ಡ್ರೋನಿಗೆ, ಮೊಬೈಲಿಗೆ ಇರುವಂಥದ್ದು. ಅಡಾಪ್ಟರ್ ಎಂದರೆ ಸಡಿಲಗೊಳ್ಳಬಹುದಾದ ಇನ್ನೊಂದು ಜೋಡಣೆ. ಸ್ಟುಡಿಯೊ ಮುಚ್ಚುವವರು ಮಾರುವ ಹಳೆಯ ಕಾರ್ಡ್‌ಗಳೂ ಬೇಡ. ಫ್ಲ್ಯಾಶ್ ಚಿಪ್ಪಿಗೆ ಬರೆದು ಅಳಿಸುವ ಸರದಿಗಳು ಮಿತಿಯಲ್ಲಿವೆ, ಎಷ್ಟು ಸವೆದಿದೆ ಎಂದು ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ ನಮಗೆ ಹೇಳುವುದಿಲ್ಲ.

ಅಸಲಿ ಕೈಕೊಟ್ಟಾಗ

ಅಸಲಿ ಕಾರ್ಡ್ ಕೆಡುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2020ರಲ್ಲಿ ಸೋನಿ ತನ್ನ ಎಸ್‌ಎಫ್-ಎಂ ಮತ್ತು ಟಫ್ ಸರಣಿಯ ಕೆಲವು ಕಾರ್ಡ್‌ಗಳಲ್ಲಿ ವೀಡಿಯೊ ಚಿತ್ರೀಕರಿಸುವಾಗ ದತ್ತಾಂಶ ಹಾಳಾಗಬಹುದು ಎಂದು ತಾನೇ ಪ್ರಕಟಿಸಿ, ಅವನ್ನು ಉಚಿತವಾಗಿ ಬದಲಿಸಿಕೊಟ್ಟಿತು. ದುಬಾರಿ, ಗಟ್ಟಿ ಎಂದು ಹೆಸರಾದ ಕಾರ್ಡ್‌ಗಳೇ ಅವು. ಬ್ರ್ಯಾಂಡಿಗೆ ಹೆಚ್ಚು ಕೊಡುವುದು ಇದಕ್ಕೇ ಎಂದು ನಾನು ತಿಳಿದಿದ್ದೇನೆ: ತಪ್ಪೇ ಆಗುವುದಿಲ್ಲ ಎಂದಲ್ಲ, ಆದಾಗ ಹೊರುವವರು ಇದ್ದಾರೆ ಎಂದು. ಆದರೆ ‘ಲೈಫ್‌ಟೈಮ್ ವಾರಂಟಿ’ ಎಂದರೆ ಕಾರ್ಡಿಗೆ ಬದಲಾಗಿ ಕಾರ್ಡ್ ಅಷ್ಟೇ. ಒಳಗಿದ್ದ ಚಿತ್ರಗಳಿಗೆ ಯಾವ ಕಂಪನಿಯ ವಾರಂಟಿಯೂ ಜವಾಬ್ದಾರಿ ಹೊರುವುದಿಲ್ಲ.

ವಾರಂಟಿಗೆ ಕಳಿಸಲು ಬಿಲ್ ಬೇಕು, ಅದರಲ್ಲಿ ಕಾರ್ಡಿನ ಮಾದರಿ ಬರೆದಿರಬೇಕು. ಬರೀ ‘ಮೆಮೊರಿ ಕಾರ್ಡ್ 1’ ಎಂದು ಗೀಚಿದ ಚೀಟಿ ನಡೆಯುವುದಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ದೊಡ್ಡ ಜಾಲತಾಣದ ಹೆಸರು ನೋಡಿ ತೃಪ್ತರಾಗದೆ, ಮಾರುವವರು ಯಾರು ಎಂಬ ಸಾಲನ್ನು ಓದಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರ ವಿವರ, ಮೂಲ ದೇಶ ಎರಡನ್ನೂ ತೋರಿಸಬೇಕು.

ನಕಲಿ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೂ ಮಾರಿದವರು ಹಣ ಕೊಡಲು ಒಪ್ಪದಿದ್ದರೆ, 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಎಷ್ಟೋ ತಕರಾರುಗಳು ಆ ಹಂತದಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್ಲು, ಪ್ಯಾಕೆಟ್ ಒಡೆದ ವೀಡಿಯೊ, ಪರೀಕ್ಷೆಯ ಪರದೆಯ ಚಿತ್ರ, ಮಾರಾಟಗಾರರಿಗೆ ಬರೆದ ಪತ್ರ ಇವನ್ನು ಜೊತೆಗಿಡಿ. ಕಾರ್ಡನ್ನು ಮಾತ್ರ ಮತ್ತೆ ಫಾರ್ಮ್ಯಾಟ್ ಮಾಡದೆ ಹಾಗೆಯೇ ಒಂದು ಲಕೋಟೆಯಲ್ಲಿ ಹಾಕಿ ಮುಚ್ಚಿಡಿ.